‘ಫಾರ್’ ಹುಡುಕಿದ್ರ ‘ಫಾರ್’ ಸಿಗವಲ್ದು



ರೋಣದ ನಮ್ಮ ಓಣಿ ಹುಡುಗಿ, ಕನ್ನಡ ಮೀಡಿಯಂದಾಕಿ, ಈಗ ಬಿಸಿಎ. ನಿನ್ನೆ ಬಂದು, "ಕಾಕಾ, ಪೈಥಾನ್ ಡಾಕ್ಯುಮೆಂಟೇಶನ್‌ದಾಗ ‘ಫಾರ್’ ಹುಡುಕಿದ್ರ ಏನೇನೋ ಬರ್ತೈತಿ, ಪಾಠ ಬರವಲ್ದು" ಅಂದ್ಳು. ನನಗೆ ಕೋಡಿಂಗ್ ಬರಲ್ಲ. ಆದ್ರೆ ಫೈಲ್ ಹುಡುಕೋದೇ ಈ ಗುಮಾಸ್ತನ ಕಸುಬು. ರಿಜಿಸ್ಟರಿನಲ್ಲಿ ಹೆಸರು ತಪ್ಪಿದ್ರೆ ಕಪಾಟಿನಲ್ಲಿರೋ ಫೈಲೂ ಇಲ್ಲದಂಗೆ.

ಇಬ್ಬರೂ ಕೂತು ನೋಡಿದೆವು. ಆ ಪುಟಗಳನ್ನು ಕಟ್ಟೋದು ಸ್ಫಿಂಕ್ಸ್ ಎಂಬ ತಂತ್ರಾಂಶ. ಹುಡುಕಾಟದ ಸೂಚಿ ಮಾಡುವಾಗ ಅದು ಫಾರ್, ಇಫ್, ನಾಟ್, ವಿತ್ ಇಂಥವನ್ನು ಇಂಗ್ಲಿಷಿನ ಸಣ್ಣಪುಟ್ಟ ಪದ ಅಂತ ಕೈಬಿಡುತ್ತೆ. ಯಾರೂ ಸೊಕ್ಕಿನಿಂದ ಮಾಡಿದ್ದಲ್ಲ, ಇಂಗ್ಲಿಷಿನಲ್ಲಿ ಅವು ಎಲ್ಲ ಪುಟದಲ್ಲೂ ಇರ್ತಾವು. ಆದ್ರೆ ಪೈಥಾನ್ ಕಲಿಯೋರಿಗೆ ಅವೇ ಮೊದಲ ಪಾಠ! ‘ಕಂಟ್ರೋಲ್ ಫ್ಲೋ’ ಅಂತ ಹುಡುಕಿದಾಗ ಪಾಠ ಬಂತು. ಆ ಹೆಸರು ಮೊದಲೇ ಗೊತ್ತಿದ್ದವರ ಮನೆಯಲ್ಲಿ ಹುಟ್ಟಿದ್ರೆ ಅವಳಿಗೂ ಗೊತ್ತಿರ್ತಿತ್ತು.

ಒಂದು ನೋಟ್‌ಬುಕ್ ಶುರು ಮಾಡೀವಿ. ಎಡಕ್ಕೆ ಹುಡುಗರು ಕೇಳೋ ಮಾತು, "ಮತ್ತ ಮತ್ತ ಮಾಡಿಸೋದು ಹ್ಯಾಂಗ?" ಅಂತ. ಬಲಕ್ಕೆ ಹುಡುಕಬೇಕಾದ ಹೆಸರು. ಹದಿನೇಳು ಸಾಲು ಆಗ್ಯಾವು. ನರಗುಂದ, ಗಜೇಂದ್ರಗಡದ ಗೆಳೆಯರೇ, ನಿಮ್ಮ ಹಾಸ್ಟೆಲ್ ಮಕ್ಕಳು ಎಲ್ಲಿ ತಡವರಿಸ್ತಾರೆ ಅಂತ ಕೇಳಿ, ಅವರ ಮಾತಿನಲ್ಲೇ ಬರೆದು ಕಳಿಸ್ರಿ.