ಡೇರಿ ಹೊತ್ತಿನ ಓಟ

ತೆಂಗಿನ ತೋಟದಲ್ಲಿ ಓಡೋದು ಅಂದ್ರೆ ಫೋಟೋದಲ್ಲಿ ಕಾಣುವಷ್ಟು ಸುಲಭ ಅಲ್ಲ. ಒಣಗಿ ಬಿದ್ದ ಗರಿ, ಅರ್ಧ ಮಣ್ಣಲ್ಲಿ ಹೂತ ಕರಟ, ಸಾಲಿಂದ ಸಾಲಿಗೆ ಎಳೆದ ಡ್ರಿಪ್ ಪೈಪು, ಉಳುಮೆ ಮಾಡಿದ ಮೆತ್ತನೆ ನೆಲ. ಮೂರು ಹೆಜ್ಜೆ ಮುಂದೆ ಕಣ್ಣಿಟ್ಟು ಓಡದಿದ್ರೆ ಪಾದ ಹೊರಳೋದು ಖಚಿತ. ಮೇಲಿಂದ ಕಾಯಿ ಬೀಳೋ ಭಯ ಬೇರೆ. ಆದ್ರೆ ಟ್ರೇಲ್ ರನ್ನಿಂಗ್ ಕಲಿಯೋರಿಗೆ ಇದಕ್ಕಿಂತ ಒಳ್ಳೆ ನೆಲ ಸಿಗಲ್ಲ. ಬೆಂಗಳೂರಿನ ಟಾರ್ ರಸ್ತೆ ಕೊಡದ ಬಲವನ್ನ ಈ ಏರುಪೇರಿನ ಮಣ್ಣು ಕಣಕಾಲಿಗೆ ಕೊಡುತ್ತೆ.

ನಮ್ಮೂರು ತಿಪಟೂರು–ತುರುವೇಕೆರೆ ನಡುವೆ, ನೊಣವಿನಕೆರೆಗೆ ಹತ್ತಿರ. ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಓಡೋಕೆ ಶುರು ಮಾಡಿ ನಾಲ್ಕು ವರ್ಷ. ಕಳೆದ ವರ್ಷ ಮಲ್ನಾಡ್ ಅಲ್ಟ್ರಾಗೆ ಹೆಸರು ಕೊಟ್ಟಿದ್ದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ಒಳಗೆ ನಡೆಯೋ ಓಟ ಅದು. 30, 50, 100 ಕಿಲೋಮೀಟರ್ ವಿಭಾಗಗಳಿವೆ. ನನ್ನದು 30. ಅದಕ್ಕೆ ಮೂರು ವಾರ ಮುಂಚೆ ಮನೆಯಿಂದಲೇ ಕೆಲಸ ಮಾಡೋಕೆ ಅನುಮತಿ ಸಿಕ್ತು, ಊರಿಗೆ ಬಂದೆ. ತೋಟದಲ್ಲಿ ಕಾಯಿ ಕೀಳಿಸ್ತಾ ಇದ್ರು, ಅಪ್ಪನಿಗೂ ಒಂದು ಕೈ ಬೇಕಿತ್ತು. ಹೋಗೋ ಮುಂಚೆ ಒಂದು ವಾರದ ಪ್ಲಾನ್ ಬರ್ಕೊಂಡಿದ್ದೆ: ಒಟ್ಟು 46 ಕಿಲೋಮೀಟರ್.

ಆ ವಾರದಲ್ಲಿ ಕಾಲಿಗಿಂತ ಜಾಸ್ತಿ ಪರೀಕ್ಷೆ ಆಗಿದ್ದು ಬೇರೆ ವಿಷಯಕ್ಕೆ. ಅದನ್ನ ಹೇಳೋಕೆ ದಿನದಿನದ ಲೆಕ್ಕವೇ ಸರಿ.

ಸೋಮವಾರ: ವಿಶ್ರಾಂತಿ

‘ಇವತ್ತು ನಂಗೆ ರೆಸ್ಟ್’ ಅಂದೆ. ಅಪ್ಪ ನಕ್ಕು, ರಾಶಿ ಬಿದ್ದಿದ್ದ ಕಾಯಿ ತೋರಿಸಿದ್ರು. ನಮ್ಮ ಕಡೆ ಬಲಿತ ಕಾಯಿಯನ್ನ ಅಟ್ಟಕ್ಕೆ ಏರಿಸಿ ಹತ್ತು-ಹನ್ನೊಂದು ತಿಂಗಳು ಹಾಗೇ ಬಿಡ್ತಾರೆ. ಒಳಗಿನ ನೀರು ತಾನಾಗೇ ಆರಿ, ಅಲ್ಲಾಡಿಸಿದ್ರೆ ಲೊಟಲೊಟ ಅನ್ನೋ ಹೊತ್ತಿಗೆ ಉಂಡೆ ಕೊಬ್ಬರಿ ತಯಾರು. ಮಧ್ಯಾಹ್ನದ ಕಾಲ್ ಮುಗಿಸಿ ಒಂದು ಗಂಟೆ ಕಾಯಿ ಎತ್ತಿಕೊಟ್ಟೆ. ರೆಸ್ಟ್ ಅಲ್ಲಿಗೆ ಮುಗೀತು.

ಮಂಗಳವಾರ: 6 ಕಿ.ಮೀ., ನಿಧಾನ

ಬೆಳಿಗ್ಗೆ ಐದೂಕಾಲಿಗೆ ತಲೆಗೆ ಟಾರ್ಚ್ ಕಟ್ಕೊಂಡು ಹೇಮಾವತಿ ನಾಲೆ ಏರಿ ಮೇಲೆ ಹೊರಟೆ. ಗೊರೂರಿನಿಂದ ಬರೋ ನೀರು ಪಕ್ಕದಲ್ಲಿ, ಕಾಲಡಿ ಮಣ್ಣಿನ ದಾರಿ. ಓಡ್ತಾ ಓಡ್ತಾ ಪೂರ್ತಿ ವಾಕ್ಯ ಮಾತಾಡೋಕೆ ಆಗ್ಬೇಕು. ಆಗದಿದ್ರೆ ವೇಗ ಜಾಸ್ತಿ ಅಂತ ಅರ್ಥ. ವಾರದ ಬಹುಪಾಲು ಓಟ ಹೀಗೇ ಇರಬೇಕು. ಮಾತಾಡೋಕೆ ಯಾರೂ ಇರಲಿಲ್ಲ. ನಾಯಿಗಳಿದ್ವು.

ಮನೆಗೆ ಬಂದ್ರೆ ಅಮ್ಮ ಬಾಗಿಲಲ್ಲೇ ನಿಂತಿದ್ರು. ಚಿರತೆ ಸುದ್ದಿ ನಮ್ಮ ಕಡೆ ಹೊಸದಲ್ಲ. ‘ಚಿರತೆಗಾದ್ರೂ ಟಾರ್ಚ್ ಕಂಡ್ರೆ ಹೆದರಿಕೆ ಇರುತ್ತೆ’ ಅಂದ್ರು. ಉಳಿದಿದ್ದನ್ನ ಹೇಳಲಿಲ್ಲ, ನನಗೆ ಅರ್ಥ ಆಯ್ತು.

ಬುಧವಾರ: ಓಟ ಇಲ್ಲ

ಸ್ಕ್ವಾಟ್, ಲಂಜ್, ಒಂಟಿ ಕಾಲಲ್ಲಿ ನಿಲ್ಲೋದು, ಜಗಲಿ ಅಂಚಲ್ಲಿ ಹಿಮ್ಮಡಿ ಏರಿಸಿ ಇಳಿಸೋದು. ಇಳಿಜಾರಿನಲ್ಲಿ ಮಂಡಿ ಉಳಿಸೋದು ಇವೇ.

ಸಂಜೆ ಅಂಗಡಿ ಹತ್ರ ಒಬ್ರು ಕೇಳಿದ್ರು, ‘ಪೊಲೀಸ್‌ಗೆ ಹಾಕಿದ್ದೀಯೇನವ್ವ?’ ಪ್ರಶ್ನೆ ನ್ಯಾಯವಾದದ್ದೇ. ನಮ್ಮಲ್ಲಿ ಓಡೋರು ಇಲ್ಲ ಅಂತಲ್ಲ. ಕಾನ್‌ಸ್ಟೇಬಲ್ ನೇಮಕಾತಿಗೆ ಹುಡುಗರು ಕೆರೆ ಏರಿ ಮೇಲೆ 1600 ಮೀಟರ್ ಅಭ್ಯಾಸ ಮಾಡ್ತಾರೆ, ಆರೂವರೆ ನಿಮಿಷದೊಳಗೆ ಮುಗಿಸ್ಬೇಕು. ಕೆಲಸಕ್ಕಾಗಿ ಓಡೋದು ಊರಿಗೆ ಅರ್ಥ ಆಗುತ್ತೆ. ಕೆಲಸ ಇದ್ದೂ ಓಡೋದು, ಅದೂ ಹೆಣ್ಣುಮಗಳು, ಅದಕ್ಕೊಂದು ವಿಳಾಸ ಇಲ್ಲ.

ಗುರುವಾರ: ಪ್ಲಾನ್ 8, ಓಡಿದ್ದು 3

ಇನ್ನೂ ಕತ್ತಲು. ಬೈಕಲ್ಲಿ ಇಬ್ಬರು ಎದುರಿಂದ ಹೋದ್ರು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಬಂದು ನನ್ನ ಪಕ್ಕ ನಿಧಾನ ಮಾಡಿದ್ರು. ಹಿಂದೆ ಕೂತವನು ಮೊಬೈಲ್ ಎತ್ತಿ ಹಿಡಿದಿದ್ದ. ಏನೂ ಮಾತಾಡಲಿಲ್ಲ, ನಗ್ತಾ ಇದ್ರು. ನಾನು ನಿಂತೆ. ಅವರೂ ನಿಂತ್ರು. ದೂರದಲ್ಲಿ ಯಾರೋ ಪಂಪ್‌ಸೆಟ್ ಆನ್ ಮಾಡೋಕೆ ಬಂದ ಬೆಳಕು ಕಂಡಿತು, ಅವರು ಹೊರಟುಹೋದ್ರು.

ವಾಚ್ ನೋಡ್ಕೊಂಡೆ. ನಿಂತಲ್ಲೇ ನಿಂತಿದ್ದ ನನ್ನ ಎದೆಬಡಿತ 168. ಏರು ಹತ್ತುವಾಗಲೂ ಅಷ್ಟು ಹೋಗಿರಲಿಲ್ಲ.

ಮನೆಗೆ ನಡ್ಕೊಂಡು ಬಂದು ಹೇಳಿದೆ. ಅಪ್ಪನ ಮುಖ ಕೆಂಪಾಯ್ತು. ‘ಯಾರ ಮಕ್ಕಳು ಅಂತ ಗೊತ್ತಾಯ್ತಾ?’ ಅಂತ ಎರಡು ಸಲ ಕೇಳಿದ್ರು. ಆಮೇಲೆ, ‘ಬೆಳಿಗ್ಗೆ ತಿಪಟೂರಿಗೆ ಕರ್ಕೊಂಡು ಹೋಗ್ತೀನಿ, ಅಲ್ಲಿ ಗ್ರೌಂಡಲ್ಲಿ ಸುತ್ತು ಹಾಕು ಮಗಾ’ ಅಂದ್ರು. ಒಳ್ಳೆ ಮನಸ್ಸಿಂದಲೇ ಹೇಳಿದ್ದು. ಆದ್ರೆ ಸಮತಟ್ಟಾದ ಮೈದಾನದಲ್ಲಿ ಸುತ್ತು ಹಾಕಿ ಕಾಫಿ ತೋಟದ ಕಲ್ಲುದಾರಿಗೆ ತಯಾರಾಗೋಕೆ ಆಗಲ್ಲ. ನಮ್ಮದೇ ತೋಟ, ನಮ್ಮದೇ ನಾಲೆ ದಾರಿ ಬಿಟ್ಟು ಹೋಗ್ಬೇಕಲ್ಲ ಅನ್ನೋದು ಅದಕ್ಕಿಂತ ಹೆಚ್ಚು ಉರೀತಿತ್ತು. ಬ್ಯಾಗ್ ಕಟ್ಟಿ ಬೆಂಗಳೂರಿಗೆ ಹೊರಡೋ ಯೋಚನೆಯೂ ಬಂತು.

ರಾತ್ರಿ ಮುದ್ದೆ ಕಟ್ತಾ ಅಮ್ಮ ಹೇಳಿದ್ರು: ‘ಆ ಕತ್ತಲಲ್ಲಿ ಯಾಕೆ ಹೋಗ್ತೀಯ? ಡೇರಿ ಹೊತ್ತಲ್ಲಿ ಓಡು. ಆಗ ನಾವೆಲ್ಲ ದಾರೀಲೇ ಇರ್ತೀವಿ.’

ಶುಕ್ರವಾರ: 6 ಕಿ.ಮೀ.

ಹಾಲಿನ ಡೇರಿ ಇರೋ ಊರಲ್ಲಿ ಬೆಳೆದವರಿಗೆ ಆ ಹೊತ್ತು ಗೊತ್ತಿರುತ್ತೆ. ಬೆಳಿಗ್ಗೆ ಆರೂಕಾಲಿಂದ ಏಳರವರೆಗೆ ನಮ್ಮೂರ ದಾರಿಗಳಲ್ಲಿ ಕ್ಯಾನು ಹಿಡಿದ ಹೆಂಗಸರೇ. ತೋಟದ ಮನೆಗಳಿಂದ ಬರೋರು, ಹಾಲು ಹಾಕಿ ವಾಪಸ್ ಹೋಗೋರು, ಸರದಿಯಲ್ಲಿ ನಿಂತು ಮಾತಾಡೋರು. ಗಂಡಸರು ಟಿವಿಎಸ್‌ನಲ್ಲಿ ಬಂದು ಹೋಗ್ತಾರೆ. ನಡೆದು ಬರೋರು ಹೆಚ್ಚಾಗಿ ಹೆಂಗಸರು.

ನಮ್ಮ ಮನೆ, ನಾಲೆ ಸೇತುವೆ, ಡೇರಿ, ತೋಟದ ಬದು, ಮತ್ತೆ ಮನೆ. ಅಳೆದು ನೋಡಿದ್ರೆ ಸರಿಯಾಗಿ 3 ಕಿಲೋಮೀಟರಿನ ಒಂದು ಸುತ್ತು. ಎರಡು ಸುತ್ತು ಓಡಿದೆ. ಮೊದಲ ಸುತ್ತಲ್ಲಿ ಒಬ್ಬ ಅಜ್ಜಿ ‘ಏನವ್ವ, ಬಸ್ಸು ತಪ್ಪೋಯ್ತಾ?’ ಅಂದ್ರು. ಎರಡನೇ ಸುತ್ತಿಗೆ ಅವರೇ, ‘ಇನ್ನೂ ಸಿಕ್ಕಿಲ್ವಾ ಬಸ್ಸು?’ ಎಲ್ಲರೂ ನಕ್ಕರು, ನಾನೂ.

ಆ ಅಜ್ಜಿಯ ಮೊಮ್ಮಗಳು ಪಕ್ಕದಲ್ಲೇ ನಿಂತಿದ್ಲು. ಪಿಯುಸಿ ಮುಗಿಸಿದ ಹುಡುಗಿ, ಕಾನ್‌ಸ್ಟೇಬಲ್ ಪರೀಕ್ಷೆಗೆ ಓದ್ತಾ ಇದ್ಲು. ಹೆಣ್ಣುಮಕ್ಕಳಿಗೆ ಅದರಲ್ಲಿ 400 ಮೀಟರ್ ಓಟ, ಎರಡು ನಿಮಿಷದೊಳಗೆ. ‘ಎಲ್ಲಿ ಪ್ರಾಕ್ಟೀಸ್ ಮಾಡ್ತೀಯ?’ ಅಂದೆ. ‘ತೋಟದ ಹಿಂದೆ ಅಕ್ಕ, ಯಾರಿಗೂ ಕಾಣದ ಕಡೆ. ಅಲ್ಲಿ ಐವತ್ತು ಮೀಟರೂ ನೇರ ಓಡೋಕಾಗಲ್ಲ’ ಅಂದ್ಲು.

ಶನಿವಾರ: 8 ಕಿ.ಮೀ., ಏರು

ನಮ್ಮ ಸುತ್ತಮುತ್ತ ಏರು ಕಮ್ಮಿ. ಏರು ಬೇಕು ಅಂದ್ರೆ ಚಿಕ್ಕನಾಯಕನಹಳ್ಳಿ ಕಡೆ ಹೋಗ್ಬೇಕು. ಅಲ್ಲಿ ದೊಡ್ಡಮ್ಮನ ಮನೆ. ಕಬ್ಬಿಣ, ಮ್ಯಾಂಗನೀಸ್ ತುಂಬಿದ ಬೆಟ್ಟಸಾಲು, ಗಣಿಗಾರಿಕೆಯ ಗಾಯ ಇರೋ ಕೆಂಪು ನೆಲ. ದೊಡ್ಡಮ್ಮನ ಮಗ, ಅವನ ಗೆಳೆಯ, ನಾನು ಮೂವರೂ ಬೆಳಕಾದ ಮೇಲೆ ಏರು ರಸ್ತೆ ಹಿಡಿದ್ವಿ. ಹತ್ತುವಾಗ ಕೈಯನ್ನ ತೊಡೆ ಮೇಲಿಟ್ಟು ಜೋರು ನಡಿಗೆ, ಇಳಿಯುವಾಗ ಸಣ್ಣ ಸಣ್ಣ ಹೆಜ್ಜೆಯ ಓಟ. ಟ್ರೇಲ್ ಓಟದಲ್ಲಿ ಏರನ್ನ ನಡೆದು ಹತ್ತೋದು ಸೋಲಲ್ಲ, ಲೆಕ್ಕಾಚಾರ.

ಹೊರಡೋ ಮುಂಚೆ ದೊಡ್ಡಮ್ಮ ಅಲ್ಲಿನ ಮದಲಿಂಗನ ಕಣಿವೆಯ ಕಥೆ ಹೇಳಿದ್ರು. ಮದುವಣಿಗನೊಬ್ಬ ಪಂತಕ್ಕೆ ಬಿದ್ದು ಬೆಟ್ಟ ಹತ್ತಿ ಇಳಿದು, ಕೊನೆಗೆ ಕುಡಿಯೋಕೆ ನೀರು ಸಿಗದೆ ಪ್ರಾಣ ಬಿಟ್ಟನಂತೆ. ಕಥೆ ಮುಗಿಸಿ ಎರಡು ಲೀಟರ್ ನೀರು ಕೈಗಿಟ್ರು.

ನೀರಿನ ವಿಷಯಕ್ಕೇ ಬಂದ್ರೆ, ತೆಂಗಿನ ಸೀಮೆಯವರು ಅಂದ್ಮೇಲೆ ದಿನಾ ಎಳನೀರು ಅಂತ ಆಫೀಸಲ್ಲಿ ಅಂದ್ಕೊಂಡಿದ್ದಾರೆ. ನಮ್ಮಲ್ಲಿ ಕಾಯಿ ಬಲಿಯೋದೇ ಕೊಬ್ಬರಿಗೆ. ಎಳೆಗಾಯಿ ಕಿತ್ರೆ ಅಪ್ಪನಿಗೆ ಹೊಟ್ಟೆ ಉರಿ! ಅದೂ ಅಲ್ದೆ ಎಳನೀರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಮ್ಮಿ. ಬೆವರಲ್ಲಿ ಹೆಚ್ಚಾಗಿ ಹೋಗೋದು ಸೋಡಿಯಂ. ಹಾಗಾಗಿ ಉದ್ದ ಓಟಕ್ಕೆ ಎಳನೀರಿಗೆ ಚಿಟಿಕೆ ಉಪ್ಪು ಬೇಕು, ಇಲ್ಲಾ ಒಆರ್‌ಎಸ್. ಕೊಬ್ಬರಿ-ಬೆಲ್ಲ ರುಚಿ ನಿಜ. ಆದ್ರೆ ಕೊಬ್ಬರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ, ಓಡುವಾಗ ಹೊಟ್ಟೆಗೆ ಭಾರ. ಓಟದಲ್ಲಿ ಬೆಲ್ಲ, ಓಟ ಮುಗಿದ ಮೇಲೆ ಕೊಬ್ಬರಿ.

ಭಾನುವಾರ: 18 ಕಿ.ಮೀ.

ಉದ್ದ ಓಟ. ಡೇರಿ ಸುತ್ತು, ಆರು ಸಲ. ಒಂದೇ ದಾರಿ ಆರು ಸಲ ಅಂದ್ರೆ ಬೇಜಾರಾಗುತ್ತೆ ಅಂದ್ಕೊಂಡಿದ್ದೆ. ಆಗಲಿಲ್ಲ. ಪ್ರತಿ ಸುತ್ತಿಗೂ ಯಾರಾದ್ರೂ ಮಾತಾಡ್ಸೋರು. ‘ಎಷ್ಟನೇದವ್ವ?’ ‘ನಾಕು!’ ‘ಇನ್ನೆಷ್ಟು?’ ‘ಎರಡು!’ ಬಸ್ಸಿನ ಅಜ್ಜಿ ಉಳಿದವರಿಗೆ ಹೇಳ್ತಾ ಇದ್ದದ್ದು ಕೇಳಿಸ್ತು: ‘ಇವಳನ್ನ ಮದ್ವೆ ಆಗೋನು ಮೊದ್ಲು ಓಡೋದು ಕಲೀಬೇಕು ಬಿಡು.’ ಡೇರಿ ಮುಚ್ಚಿದ ಮೇಲೂ ಅಮ್ಮ, ಇನ್ನಿಬ್ರು ಕಟ್ಟೆ ಮೇಲೆ ಕೂತೇ ಇದ್ರು.

ನಾಲ್ಕನೇ ಸುತ್ತಿಗೆ ಆ ಹುಡುಗಿ ಬಂದ್ಲು. ಅಜ್ಜಿ ಮೊದಲು ಬೇಡ ಅಂದ್ರು, ಆಮೇಲೆ ‘ಸೇತುವೆ ತನಕ, ವಾಪಸ್ಸು. ಅದಕ್ಕಿಂತ ಆಚೆ ಇಲ್ಲ’ ಅಂದ್ರು. ಡೇರಿಯಿಂದ ಸೇತುವೆಗೆ ಹೋಗಿ ಬಂದ್ರೆ ನನ್ನ ವಾಚಲ್ಲಿ 410 ಮೀಟರ್. ಅವಳ ಟೈಮು ಎರಡು ನಿಮಿಷ ಹದಿನಾಲ್ಕು ಸೆಕೆಂಡು. ದಾರಿ ಮಧ್ಯೆ, ಎಲ್ಲರ ಎದುರಿಗೆ.

ವಾರದ ಲೆಕ್ಕ: 41 ಕಿಲೋಮೀಟರ್.

ಮೂರು ವಾರದ ಮೇಲೆ ಅರಸೀಕೆರೆ, ಕಡೂರು ದಾಟಿ ಚಿಕ್ಕಮಗಳೂರಿಗೆ ಹೋದೆ. ಮಳೆ ಬಿದ್ದ ಕೆಸರು, ಕಾಫಿ ಗಿಡದ ನಡುವೆ ಕಲ್ಲುದಾರಿ, ಮುಗಿಯದ ಏರು. 30 ಕಿಲೋಮೀಟರಿಗೆ ನನಗೆ ಐದು ಗಂಟೆ ಹನ್ನೆರಡು ನಿಮಿಷ ಬೇಕಾಯ್ತು. ಪಾದ ಒಂದು ಸಲವೂ ಹೊರಳಲಿಲ್ಲ. ಆ ಪುಣ್ಯ ನಮ್ಮ ತೋಟದ ಕರಟಗಳಿಗೆ.

ಆದ್ರೆ ನಾನು ಅಲ್ಲಿ ಹೆಚ್ಚು ಗಮನಿಸಿದ್ದು ದಾರಿ ಬದಿ ನಿಂತವರನ್ನ. ತಿರುವಲ್ಲಿ ಒಬ್ಬ ವಾಲಂಟಿಯರ್, ನೀರು-ಬಾಳೆಹಣ್ಣು ಇಟ್ಕೊಂಡು ಇನ್ನಿಬ್ಬರು, ಮರಕ್ಕೆ ಕಟ್ಟಿದ ಗುರುತಿನ ರಿಬ್ಬನ್. ಕಾಡಂಥ ಜಾಗದಲ್ಲಿ ಒಬ್ಬಳೇ ಇದ್ದ ಹೊತ್ತಲ್ಲೂ ನನ್ನ ಕೈ ಮೊಬೈಲ್ ಕಡೆ ಹೋಗಲಿಲ್ಲ. ಮುಂದೆ ಯಾರೋ ಇದ್ದಾರೆ, ನಾನು ಬಾರದಿದ್ರೆ ಹುಡುಕ್ತಾರೆ ಅನ್ನೋದು ಗೊತ್ತಿತ್ತು. ನಮ್ಮೂರಲ್ಲಿ ಇದೇ ಕೆಲಸವನ್ನ ಕ್ಯಾನು ಹಿಡಿದ ಹೆಂಗಸರು ಮಾಡಿದ್ರು.

ಇದನ್ನ ಪೂರ್ತಿ ಪರಿಹಾರ ಅಂತ ನಾನು ಹೇಳಲ್ಲ. ನನ್ನ ಕಸಿನ್ ಐದು ಗಂಟೆಗೆ ಯಾವ ಯೋಚನೆಯೂ ಇಲ್ದೆ ಹೊರಡ್ತಾನೆ. ನಾನು ಡೇರಿ ತೆರೆಯೋದನ್ನ ಕಾಯ್ಬೇಕು. 1967ರಲ್ಲಿ ಬಾಸ್ಟನ್ ಮ್ಯಾರಥಾನ್‌ನಲ್ಲಿ ಕ್ಯಾಥರಿನ್ ಸ್ವಿಟ್ಜರ್‌ರನ್ನ ಓಟದ ಮಧ್ಯೆಯೇ ಅಧಿಕಾರಿಯೊಬ್ಬರು ಹಿಡಿದು ಎಳೆಯೋಕೆ ಹೋಗಿದ್ರು. ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಮ್ಯಾರಥಾನ್ ಬಂದಿದ್ದು 1984ರಲ್ಲಿ. ನಿಯಮ ಬದಲಾಯಿಸೋಕೆ ಅಷ್ಟು ವರ್ಷ ಹಿಡೀತು. ನಾಲೆ ಏರಿ ಮೇಲೆ ನಮ್ಮನ್ನ ತಡೆಯೋ ನಿಯಮ ಯಾವುದೂ ಇಲ್ಲ, ಬದಲಾಗಬೇಕಾಗಿರೋದು ನೋಡೋ ಕಣ್ಣು. ಅದು ಬದಲಾಗೋದು ಕಾಣಿಸಿಕೊಂಡಾಗ ಮಾತ್ರ. ತೋಟದ ಹಿಂದೆ ಬಚ್ಚಿಟ್ಟುಕೊಂಡು ಓಡಿದ್ರೆ ಅಲ್ಲ.

ಹಬ್ಬಕ್ಕೋ, ವರ್ಕ್ ಫ್ರಂ ಹೋಮ್‌ಗೋ ಊರಿಗೆ ಹೋಗೋ ಗೆಳತಿಯರೇ, ಶೂ ಬ್ಯಾಗಿಗೆ ಹಾಕ್ಕೊಳ್ಳಿ. ನಿಮ್ಮೂರಿಗೂ ಇಂಥದ್ದೊಂದು ಹೊತ್ತು ಇರುತ್ತೆ. ಡೇರಿ ಇರಬಹುದು, ಹೂ ಬಿಡಿಸೋ ಹೊತ್ತಿರಬಹುದು, ಶಾಲೆ ಬಸ್ಸಿನ ಸಮಯ ಇರಬಹುದು. ಅಮ್ಮನನ್ನ ಕೇಳಿ, ಅವರಿಗೆ ಗೊತ್ತಿರುತ್ತೆ. ಸಣ್ಣ ಸುತ್ತು ಗುರುತು ಮಾಡ್ಕೊಳ್ಳಿ, ಅದನ್ನೇ ಮತ್ತೆ ಮತ್ತೆ ಓಡಿ. ಮೊದಲ ದಿನ ಊರು ನಗುತ್ತೆ, ಮೂರನೇ ದಿನ ಸುತ್ತು ಎಣಿಸುತ್ತೆ.

ನಾನು ಬೆಂಗಳೂರಿಗೆ ವಾಪಸ್ ಬಂದ ಮೇಲೂ ಆ ಹುಡುಗಿ ಓಡ್ತಾ ಇದ್ದಾಳೆ. ಟೈಮ್ ನೋಡೋರು ನಮ್ಮಮ್ಮ. ಸ್ಟಾಪ್‌ವಾಚ್ ಎಲ್ಲಿದೆ ಅಂತ ಫೋನಲ್ಲಿ ಹೇಳಿಕೊಟ್ಟಿದ್ದೆ. ಕಳೆದ ವಾರ ಅವರಿಂದ ವಾಯ್ಸ್ ಮೆಸೇಜ್ ಬಂತು. ಹಿಂದೆ ಕ್ಯಾನುಗಳ ಸದ್ದು, ಯಾರದೋ ನಗು. ‘ಒಂದು ನಿಮಿಷ ಐವತ್ತೇಳು ಕಣೇ. ಸೇತುವೆ ಹತ್ರ ಎಮ್ಮೆ ಅಡ್ಡ ಬಂತು, ಇಲ್ದಿದ್ರೆ ಇನ್ನೂ ಬೇಗ ಬರ್ತಿದ್ಲು.’