ಅಜ್ಜನ ಕತ್ತಿ

ನಮ್ಮ ಮನೆಯ ಜಗಲಿಯಲ್ಲಿ, ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿ ಒಂದು ಕತ್ತಿ ತೂಗುಹಾಕಿದೆ. ರಜೆಗೆ ಬಂದ ಮೊಮ್ಮಗ ಅದನ್ನು ನೋಡಿ, "ಅಜ್ಜ, ಇದು ಯಾಕೆ ಇಷ್ಟು ಕಪ್ಪಗಿದೆ? ಅಡುಗೆಮನೆಯ ಚಾಕು ಥಳಥಳ ಹೊಳೆಯುತ್ತದಲ್ಲ?" ಎಂದು ಕೇಳಿದ. ಅವನಿಗೆ ಹೇಳಿದ ಕತೆಯನ್ನೇ ನಿಮಗೂ ಹೇಳುತ್ತೇನೆ.

ಅದು ನನ್ನ ಅಜ್ಜನ ಕತ್ತಿ. ಮಲೆನಾಡಿನ ನಮ್ಮ ಕಡೆ ತೋಟಕ್ಕೆ ಹೊರಟವರ ಸೊಂಟದ ಹಿಂದೆ ಕೊಕ್ಕೆ, ಕೊಕ್ಕೆಯಲ್ಲಿ ಕತ್ತಿ ಇದ್ದೇ ಇರುತ್ತಿತ್ತು. ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು ಊರಿನ ಆಚಾರಿ ಇದನ್ನು ಮಾಡಿಕೊಟ್ಟಿದ್ದರಂತೆ. ಕೆಂಪಗೆ ಕಾದ ಬಾಯನ್ನು ತಟ್ಟನೆ ಅದ್ದಿ ತಣಿಸಿದರೆ ಉಕ್ಕು ಗಟ್ಟಿಯಾಗುತ್ತದೆ. ಆದರೆ ಗಾಜಿನಂತೆ ಚಕ್ಕೆ ಏಳುತ್ತದೆ. ಅದಕ್ಕೇ ಮತ್ತೆ ಹದವಾಗಿ ಬಿಸಿ ಮಾಡುತ್ತಾರೆ. ಆ ಹದ ತಪ್ಪಿದರೆ ಕತ್ತಿಯ ಬಾಯಿ ಮುರಿಯುತ್ತದೆ, ಇಲ್ಲವೇ ಮಡಚಿಕೊಳ್ಳುತ್ತದೆ.

ನಾನಾಗ ಐದನೇ ಕ್ಲಾಸು. ಒಂದು ಆಷಾಢದ ಮಧ್ಯಾಹ್ನ ಅಜ್ಜ ಮಲಗಿದ್ದಾಗ ಕತ್ತಿಯನ್ನು ಮೆಲ್ಲಗೆ ಎತ್ತಿಕೊಂಡು ಹೋದೆ. ಬಿದಿರು ಕಡಿದು ಪೆಟ್ಲು ಮಾಡಿಕೊಳ್ಳುವ ಆಸೆ. ಅಷ್ಟರಲ್ಲಿ ಮಳೆ ಹೊಯ್ಯತೊಡಗಿತು. ಕತ್ತಿಯನ್ನು ಬಿದಿರಿನ ಬುಡದಲ್ಲೇ ಬಿಟ್ಟು ಓಡಿಬಂದೆ.

ಸಂಜೆ ಅಜ್ಜ ಎಲ್ಲ ಕಡೆ ಹುಡುಕಿದರು. ಸೊಪ್ಪು ಕಡಿಯಲು ಬರುತ್ತಿದ್ದವರ ಮೇಲೆ ಮನೆಯವರಿಗೆಲ್ಲ ಅನುಮಾನ. "ನಾನು ಮುಟ್ಟಿಲ್ಲ ಅಯ್ಯಾ" ಎಂದು ಅವರು ಅಂಗಳದಲ್ಲಿ ತಲೆ ತಗ್ಗಿಸಿ ನಿಂತಿದ್ದರು. ನಾನು ಕಂಬದ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡೆ. ತುಟಿ ಬಿಚ್ಚಲಿಲ್ಲ. ಮರುದಿನ ಅವರು ಕೆಲಸಕ್ಕೆ ಬರಲಿಲ್ಲ. ಆ ರಾತ್ರಿ ನನಗೆ ನಿದ್ದೆಯೂ ಬರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಕತ್ತಿಯನ್ನು ತಂದು ಅಜ್ಜನ ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅದರ ಮೈಯೆಲ್ಲ ತುಕ್ಕು. ಅಜ್ಜ ಬೈಯಲಿಲ್ಲ. "ಕೊಡೆ ತಗೋ" ಎಂದರಷ್ಟೆ. ಸುರಿಯುವ ಮಳೆಯಲ್ಲಿ ಇಬ್ಬರೂ ಅವರ ಮನೆಗೆ ಹೋದೆವು. "ತಪ್ಪು ನಮ್ಮದು" ಎಂದು ಅಜ್ಜ ಕೈಮುಗಿದರು. ದೇವರ ಮುಂದೆ ಬಿಟ್ಟರೆ ಬೇರೆಲ್ಲೂ ಅಜ್ಜ ತಲೆ ಬಾಗಿಸಿದ್ದನ್ನು ನಾನು ಕಂಡಿರಲಿಲ್ಲ. ಎರಡು ಏಟು ಬಿದ್ದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಅಜ್ಜ ಇಟ್ಟಿಗೆ ಪುಡಿ, ತೆಂಗಿನ ನಾರು ಕೊಟ್ಟರು. ಪಕ್ಕದಲ್ಲೇ ಕೂತು, ಕೈಗೆ ತಾಗದಂತೆ ಹೇಗೆ ಉಜ್ಜಬೇಕೆಂದು ತೋರಿಸಿದರು. ಕೊನೆಗೆ ಕೊಬ್ಬರಿ ಎಣ್ಣೆ ಸವರಿಸಿದರು. ತುಕ್ಕೇನೋ ಹೋಯಿತು, ಅದು ತಿಂದ ಗುಳಿಗಳು ಇಂದಿಗೂ ಉಳಿದಿವೆ.

ಸ್ಟೇನ್‌ಲೆಸ್ ಚಾಕುವಿನಲ್ಲಿ ನೂರಕ್ಕೆ 10ಕ್ಕಿಂತ ಹೆಚ್ಚು ಭಾಗ ಕ್ರೋಮಿಯಂ ಇರುತ್ತದೆ. ಅದಕ್ಕೆ ಸುಲಭವಾಗಿ ತುಕ್ಕು ಹಿಡಿಯದು. ಈ ಕತ್ತಿಗೆ ಆ ರಕ್ಷಣೆ ಇಲ್ಲ. ಬಾಳೆಕಾಯಿ, ಹಲಸಿನಕಾಯಿ ಕೊಯ್ದು ಕೊಯ್ದು ಕಪ್ಪಾಗಿದೆ. ಆದರೆ ಕಲ್ಲಿಗೆ ನಾಲ್ಕು ಸಲ ಮಸೆದರೆ ಸಾಕು, ಹರಿತ. ಒರೆಸಿ, ಎಣ್ಣೆ ಹಚ್ಚಿಟ್ಟರೆ ಮೂರು ತಲೆಮಾರಿಗೂ ಬರುತ್ತದೆ.

ಕತೆ ಮುಗಿದರೂ ಮೊಮ್ಮಗ ಕತ್ತಿಯ ವಿಷಯ ಎತ್ತಲಿಲ್ಲ. "ಅವರು ಮತ್ತೆ ಕೆಲಸಕ್ಕೆ ಬಂದರಾ ಅಜ್ಜ?" ಎಂದ.

"ಬಂದರು. ಕೊನೆಗೆ ನನಗೆ ಪೆಟ್ಲು ಮಾಡಿಕೊಟ್ಟವರೂ ಅವರೇ" ಎಂದೆ.