ಬ್ರಹ್ಮಗಿರಿಯ ಬೋಕಿ, ಬಾಲಿಯ ಬೊಂಬೆ

ಮ್ಯೂಸಿಯಂ ಉಗ್ರಾಣದಲ್ಲಿ ವರ್ಷಗಟ್ಟಲೆ ದುಡಿದವರಿಗೆ ಯಾವ ವಸ್ತು ಸಿಕ್ಕರೂ ಮೊದಲು ತಿರುಗಿಸಿ ಬೆನ್ನು ನೋಡುವ ಚಟ ಹತ್ತುತ್ತದೆ. ಗಾಜಿನ ಆಚೆ ನಿಂತವರಿಗೆ ಮುಖ ಸಾಕು. ನಮಗೆ ಹಿಡಿಕೆ ಎಲ್ಲಿ ಸವೆದಿದೆ, ಯಾವ ಮೂಲೆಗೆ ತೇಪೆ ಬಿದ್ದಿದೆ, ದೀಪದ ಮಸಿ ಎಲ್ಲಿ ಕಟ್ಟಿದೆ ಎಂಬುದೆಲ್ಲ ಬೇಕು. ನಾನು ನೋಡಿಕೊಳ್ಳುತ್ತಿದ್ದ ಕಪಾಟುಗಳಲ್ಲಿ ನಮ್ಮ ತೊಗಲುಗೊಂಬೆಗಳ ಪಕ್ಕದಲ್ಲೇ ಜಾವಾ ಮತ್ತು ಬಾಲಿಯ ವಯಾಂಗ್ ಎಂಬ ನೆರಳಾಟದ ಕೆಲವು ಗೊಂಬೆಗಳು ಮಲಗಿದ್ದವು. ಅವಕ್ಕೊಂದು ಚೀಟಿ, ಇವಕ್ಕೊಂದು ಚೀಟಿ. ನಡುವೆ ಒಂದು ತಗಡಿನ ಹಲಗೆ.

ಬಾಲಿಗೆ ಹೋಗಿಬಂದು ಬರೆದ ಕನ್ನಡಿಗರು ಬೇಕಾದಷ್ಟು ಜನ ಇದ್ದಾರೆ. ನಿವೃತ್ತಿಯಾದ ಮೇಲೆ ಬಾಲಿಯ ಗುಂಗು ತಲೆಯಲ್ಲಿಟ್ಟುಕೊಂಡು ನಾನು ಹೋದದ್ದು ಮಾತ್ರ ಚಳ್ಳಕೆರೆಗೆ, ಅಲ್ಲಿಂದ ಮೊಳಕಾಲ್ಮುರಿಗೆ. ಇದಕ್ಕೆ ಕಾರಣ ಒಂದು ಬೋಕಿಚೂರು. ಅದರ ಮಾತು ಆಮೇಲೆ.

ಹಿರಿಯೂರಿನಲ್ಲಿ ಪುಣೆ ಹೆದ್ದಾರಿ ಬಿಟ್ಟು ಬಳ್ಳಾರಿ ರಸ್ತೆ ಹಿಡಿದರೆ ಮರಗಳು ಕಡಿಮೆಯಾಗುತ್ತ ಹೋಗಿ ಆಕಾಶ ದೊಡ್ಡದಾಗುತ್ತದೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ಸೀಮೆಗಳಲ್ಲಿ ಇದೂ ಒಂದು. ಶೇಂಗಾ ಹೊಲ, ಜಾಲಿ, ಕುರಿಹಿಂಡು, ದೂರದಲ್ಲಿ ಬಂಡೆಗುಡ್ಡ. ಎಣ್ಣೆ ಗಿರಣಿಗಳಿಂದ ಹೆಸರಾದ ಚಳ್ಳಕೆರೆ ಪೇಟೆಗೆ ಈಗಲೂ ವ್ಯಾಪಾರದ ಗತ್ತಿದೆ. ನಾನು ಅಲ್ಲಿ ನಿಂತದ್ದು ಕಂಬಳಿಗಾಗಿ. ಹುಣಸೆಬೀಜದ ಗಂಜಿ ಕುಡಿದು ತಗಡಿನಂತೆ ನಿಲ್ಲುವ ಕರಿ ಕಂಬಳಿಯನ್ನು ನಮ್ಮ ಉಗ್ರಾಣಕ್ಕೆ ಬಿಟ್ಟುಕೊಳ್ಳಲು ನಾವು ಹೆದರುತ್ತಿದ್ದೆವು, ಉಣ್ಣೆಯ ಜೊತೆ ಹುಳುವೂ ಬರುತ್ತದೆಂದು. ಕುರುಬರ ಮನೆಯಲ್ಲಿ ಅದೇ ಕಂಬಳಿಯನ್ನು ಗದ್ದುಗೆಗೆ ಹಾಸುತ್ತಾರೆ, ಮಳೆಗೆ ಗೊಪ್ಪೆ ಹಾಕಿಕೊಳ್ಳುತ್ತಾರೆ, ಮದುವೆಯಲ್ಲಿ ಅದರ ಮೇಲೆ ಕೂರುತ್ತಾರೆ. ದಿನಾ ಕೊಡವುವ ಬಟ್ಟೆಗೆ ಹುಳು ಹಿಡಿಯುವುದಿಲ್ಲ. ನುಸಿಗುಳಿಗೆಗೆಂದು ನಾವು ಸುರಿದ ದುಡ್ಡು ನೆನೆದು ನಗು ಬಂತು.

ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಕೆರೆ ಏರಿಯ ಕೆಳಗಿನ ಕೇರಿಯಲ್ಲಿ, ಗೊಂಬೆಯಾಡಿಸುತ್ತಿದ್ದ ಕಿಳ್ಳೇಕ್ಯಾತರ ಮನೆಯೊಂದಿದೆ ಎಂದು ಪರಿಚಯದ ಮೇಷ್ಟ್ರು ಕರೆದುಕೊಂಡು ಹೋದರು. ಕೆಲವು ಕಡೆ ಇವರನ್ನು ಶಿಳ್ಳೇಕ್ಯಾತರೆಂದೂ ಕಾಟಬುಗಳೆಂದೂ ಕರೆಯುತ್ತಾರೆ. ಮನೆಮಾತು ಮರಾಠಿಯ ಬಗೆಯದು, ಆಟದ ಮಾತು ಕನ್ನಡ. ಆಟ ಇಲ್ಲದಾಗ ಕೆರೆಯಲ್ಲಿ ಮೀನು ಹಿಡಿಯುವುದು ಕಸುಬು. ಅಂಗಳದಲ್ಲಿ ಬಲೆ ಒಣಗುತ್ತಿತ್ತು. "ಕುಂತ್ಕಳಮ್ಮ, ನೀರು ಕುಡಿ," ಎಂದ ಅಜ್ಜ ಒಳಗಿನಿಂದ ಬಿದಿರಿನ ಪೆಟ್ಟಿಗೆ ತಂದ. ನನ್ನ ಕೈ ತಾನಾಗಿ ಮೇಲಿನ ಗೊಂಬೆಯತ್ತ ಹೋಯಿತು. "ತಡಿಯಮ್ಮ, ಗಣಪ್ಪ ಮೊದ್ಲು," ಎಂದು ಅವನೇ ಒಂದೊಂದಾಗಿ ತೆಗೆದು ಹಾಸಿದ. ದೇವರು ಒಂದು ಮಗ್ಗುಲಿಗೆ, ರಾಕ್ಷಸರು ಇನ್ನೊಂದು ಮಗ್ಗುಲಿಗೆ. ಒಂದರ ಮೇಲೊಂದು ಇಡಬಾರದು, ಇಟ್ಟರೆ ರಾತ್ರಿ ಪೆಟ್ಟಿಗೆಯೊಳಗೆ ಜಗಳ ಎಂದ. ಹೇಳುವಾಗ ನಗುತ್ತಿದ್ದ, ಆದರೆ ಇಡುವಾಗ ನಗಲಿಲ್ಲ.

ಮ್ಯೂಸಿಯಂಗಳಲ್ಲಿ ನೋಂದಣಿ ಸಂಖ್ಯೆಯೇ ಯಜಮಾನ. ಯಾವುದು ಮೊದಲು ಬಂತೋ ಅದು ಕೆಳಗೆ. ಹಾಗಾಗಿ ಸೀತೆ ರಾವಣನ ಎದೆಯ ಮೇಲೆ ಇಪ್ಪತ್ತು ವರ್ಷ ಮಲಗಿದರೂ ಯಾರೂ ಕೇಳುವುದಿಲ್ಲ. ಜಾವಾದಲ್ಲಿ ಆಟ ಶುರುವಾಗುವ ಮುನ್ನವೇ ದಲಂಗ್, ಅಂದರೆ ಗೊಂಬೆಯಾಡಿಸುವವನು, ಪರದೆಯ ಬಲಕ್ಕೆ ಒಂದು ಪಕ್ಷ, ಎಡಕ್ಕೆ ಒಂದು ಪಕ್ಷ ಎಂದು ಬಾಳೆದಿಂಡಿಗೆ ಗೊಂಬೆಗಳನ್ನು ಸಾಲಾಗಿ ಚುಚ್ಚಿ ನಿಲ್ಲಿಸುತ್ತಾನೆ. ಜಕಾರ್ತದ ಹಳೇ ಪಟ್ಟಣದಲ್ಲಿ 1975ರಲ್ಲಿ ತೆರೆದ ವಯಾಂಗ್ ಮ್ಯೂಸಿಯಂಗೆ ಕೆಲಸದ ಮೇಲೆ ಹೋದಾಗ ಅಲ್ಲಿನ ಉಗ್ರಾಣದವರೊಬ್ಬರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ತೇವಾಂಶದ್ದಲ್ಲ, ಬೆಳಕಿನದ್ದಲ್ಲ. ನಿಮ್ಮಲ್ಲಿ ಗೊಂಬೆಗಳಿಗೆ ಪೂಜೆ ಮಾಡುವವರು ಯಾರು ಎಂದು. ಅವರು ಬಾಲಿಯವರು. ಬಾಲಿಯಲ್ಲಿ 210 ದಿನಕ್ಕೊಮ್ಮೆ 'ತುಂಪೆಕ್ ವಯಾಂಗ್' ಎಂಬ ದಿನ ಬರುತ್ತದೆ. ಅಂದು ಗೊಂಬೆಗಳನ್ನು ಪೆಟ್ಟಿಗೆಯಿಂದ ತೆಗೆದು ಎಡೆ ಇಡುತ್ತಾರೆ. ನಮ್ಮಲ್ಲಿ ಆಯುಧಪೂಜೆಗೆ ಕಚೇರಿಯ ಜೀಪಿಗೆ ಕುಂಬಳಕಾಯಿ ಒಡೆಯುತ್ತೇವೆ ಎಂದು ಹೇಳಿ ಪಾರಾದೆ.

ಅಜ್ಜನ ಗೊಂಬೆಗಳನ್ನು ಬಿಸಿಲಿಗೆ ಹಿಡಿದು ನೋಡಿದೆ. ಮೇಕೆಯ ತೊಗಲನ್ನು ಹದ ಮಾಡಿ ಕೆರೆದು ಕೆರೆದು ಬೆಳಕು ಹಾಯುವಷ್ಟು ತೆಳ್ಳಗೆ ತಂದಿದ್ದಾರೆ. ಕೆಂಪು, ಹಸಿರು, ಕಪ್ಪು ಬಣ್ಣ ಪರದೆಯ ಮೇಲೆ ಬಣ್ಣವಾಗಿಯೇ ಬೀಳುತ್ತದೆ. ದೊಡ್ಡ ತೊಗಲುಗಳಲ್ಲಿ ಒಬ್ಬರಲ್ಲ, ಇಡೀ ದೃಶ್ಯವೇ ಇರುತ್ತದೆ: ರಥ, ಸಾರಥಿ, ಕುದುರೆ ಎಲ್ಲ ಒಂದೇ ಹಾಳೆಯಲ್ಲಿ. ವಯಾಂಗ್ ಇದಕ್ಕೆ ಪೂರ್ತಿ ತಿರುಗುಮುರುಗು. ಅದು ಎಮ್ಮೆಯ ದಪ್ಪ ತೊಗಲು. ಬೆಳಕು ತೊಗಲಿನಿಂದ ಹಾಯುವುದಿಲ್ಲ, ಉಳಿಯಲ್ಲಿ ಕೊರೆದ ಸಾವಿರ ತೂತುಗಳಿಂದ ಹಾಯುತ್ತದೆ. ಪರದೆಯ ಮೇಲೆ ಕಪ್ಪು ನೆರಳು, ನೆರಳಿನೊಳಗೆ ಬೆಳಕಿನ ಜಾಲರಿ. ಹಾಗಿದ್ದೂ ಗೊಂಬೆಯ ಮೈಗೆ ಚಿನ್ನದ ಬಣ್ಣ ಬಳಿಯುತ್ತಾರೆ. ನೆರಳಾಟಕ್ಕೆ ಚಿನ್ನ ಏಕೆ ಎಂದು ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಜಾವಾದಲ್ಲಿ ಪರದೆಯ ಹಿಂದೆ, ದಲಂಗ್‌ನ ಬೆನ್ನಿಗೆ ಕೂತೂ ಆಟ ನೋಡುತ್ತಾರೆ. ಬೆನ್ನು ನೋಡುವ ನಮ್ಮ ಚಟ ಅಲ್ಲಿ ಇಡೀ ಊರಿಗೇ ಇದೆ.

ಸವೆತವೂ ಬೇರೆ ಬೇರೆ. ವಯಾಂಗ್‌ನ ಕೊಂಬಿನ ಹಿಡಿಕೆ ಒಂದೇ ಕೈಯಲ್ಲಿ ಸವೆದಿರುತ್ತದೆ. ಎಲ್ಲ ಪಾತ್ರ ಆಡಿಸುವವನು, ಎಲ್ಲರ ದನಿ ತೆಗೆಯುವವನು, ಪೆಟ್ಟಿಗೆ ಬಡಿದು ಗಮೆಲಾನ್ ವಾದ್ಯದವರಿಗೆ ಸನ್ನೆ ಕೊಡುವವನು ಒಬ್ಬನೇ. ನಮ್ಮ ಬಿದಿರುಕಡ್ಡಿಗಳ ಮೇಲೆ ಹಲವು ಕೈಗಳ ಜಿಡ್ಡು. ಗಂಡ ಆಡಿಸಿದರೆ ಹೆಂಡತಿ ಹಾಡುತ್ತಾಳೆ, ಮಗ ಮದ್ದಳೆ, ಸೊಸೆ ಗೊಂಬೆ ಎತ್ತಿಕೊಡುತ್ತಾಳೆ. ಇಡೀ ಸಂಸಾರದ ಕಸುಬು. ಅದಕ್ಕೇ ಸಂಸಾರ ಚದುರಿದಾಗ ಆಟವೂ ಚದುರಿತು. ಅಜ್ಜನ ಮಕ್ಕಳು ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿದ್ದಾರೆ.

ಪೆಟ್ಟಿಗೆಯ ತಳದಲ್ಲಿ ಕಿಳ್ಳೇಕ್ಯಾತ, ಬಂಗಾರಕ್ಕ. ಡೊಳ್ಳುಹೊಟ್ಟೆ, ಸೊಟ್ಟ ಮೂತಿಯ ಈ ಗಂಡ ಹೆಂಡಿರು ವಾಲ್ಮೀಕಿಗೂ ಗೊತ್ತಿಲ್ಲ, ವ್ಯಾಸರಿಗೂ ಗೊತ್ತಿಲ್ಲ. ರಾಮ ಪುಸ್ತಕದ ಕನ್ನಡ ಆಡಿದರೆ ಇವರು ಚಳ್ಳಕೆರೆ ಸಂತೆಯ ಕನ್ನಡ ಆಡುತ್ತಾರೆ, ಗೌಡನನ್ನೂ ಶಾನುಭೋಗನನ್ನೂ ಎಳೆದು ತರುತ್ತಾರೆ. ಬಾಲಿಯ ಆಟದಲ್ಲಿ ರಾಜರು, ದೇವತೆಗಳು 'ಕವಿ' ಎಂಬ ಹಳೆಯ ಭಾಷೆ ಆಡುತ್ತಾರೆ. ತ್ವಾಲೆನ್, ಮೆರ್ದಾ ಎಂಬ ಸೇವಕರು ಅದನ್ನು ಊರ ಮಾತಿಗೆ ಇಳಿಸಿ ಹೇಳುತ್ತಾರೆ, ಇಳಿಸುವಾಗ ತಮ್ಮದೂ ನಾಲ್ಕು ಸೇರಿಸುತ್ತಾರೆ. ಜಾವಾದ ಸೆಮಾರ್ ಅಂತೂ ಹೊಟ್ಟೆಬಾಕನ ಮೈಯಲ್ಲಿರುವ ದೇವರು. ಈ ಕಲೆ ಯಾರಿಂದ ಯಾರಿಗೆ ಹೋಯಿತೆಂದು ಪಂಡಿತರು ನೂರು ವರ್ಷದಿಂದ ಜಗಳವಾಡುತ್ತಿದ್ದಾರೆ. ಜಾವಾದಲ್ಲಿ 907ನೇ ಇಸವಿಯ ಬಲಿತುಂಗ್ ರಾಜನ ಶಾಸನದಲ್ಲೇ ಭೀಮನ ಕಥೆಯ ವಯಾಂಗ್ ಆಟದ ಮಾತಿದೆ. ನನಗೆ ಈ ಜಗಳ ರುಚಿಸುವುದಿಲ್ಲ. ಕಥೆ ಹೋಗಿರಬಹುದು, ಸೆಮಾರ್ ಹೋಗಿಲ್ಲ. ನಗಿಸುವವನು ಮಾತ್ರ ಎಲ್ಲ ಕಡೆಯೂ ಆ ಮಣ್ಣಿನವನೇ.

ಮಳೆ ತಡವಾದರೆ ಊರವರು ಕಿಳ್ಳೇಕ್ಯಾತರನ್ನು ಕರೆಸಿ ಆಟ ಆಡಿಸುತ್ತಿದ್ದರು. "ಈಗ ಬೋರ್ ಹೊಡಿಸ್ತಾರೆ," ಎಂದ ಅಜ್ಜ. ವಯಾಂಗ್‌ಗೆ 2003ರಲ್ಲೇ ಯುನೆಸ್ಕೊ ಮನ್ನಣೆ ಸಿಕ್ಕಿತು. ನಮ್ಮಲ್ಲೂ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ತೊಂಬತ್ತು ದಾಟಿದ ಮೇಲೆ. ಹಳೆಯ ಗೊಂಬೆಗಳನ್ನು ಮಾರುತ್ತೀರಾ ಎಂದು ನಾನು ಕೇಳಲಿಲ್ಲ, ನಿವೃತ್ತಿಯ ದೊಡ್ಡ ಸುಖ ಅದು. ಸವೆದ ಗೊಂಬೆಯನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಹೊಳೆಗೆ ಬಿಡುತ್ತೇವೆ ಎಂದ.

ಮೊಳಕಾಲ್ಮುರಿನ ಬೀದಿಗಳಲ್ಲಿ ಮನೆಯೊಳಗಿನ ಮಗ್ಗದ ಸದ್ದು ಈಗಲೂ ಕೇಳುತ್ತದೆ, ಮೊದಲಿನಷ್ಟು ಅಲ್ಲ. ಇಲ್ಲಿನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕದ ಗುರುತಿದೆ. ನಾನು ಹೋದ ಮನೆಯಲ್ಲಿ ಗುಂಡಿ ಮಗ್ಗ, ಮೇಲೆ ಜಾಕಾರ್ಡ್ ಪಟ್ಟಿ. ಗಂಡ ಲಾಳಿ ಹೊಡೆಯುತ್ತಿದ್ದ, ಹೆಂಡತಿ ಕಂಡಿಕೆ ಸುತ್ತುತ್ತಿದ್ದಳು. ಬಾಲಿಯ ಪೂರ್ವದಲ್ಲಿರುವ ಸಿದೆಮೆನ್ ಎಂಬ ಊರಿನ 'ಸೊಂಗ್‌ಕೆತ್' ಬಟ್ಟೆಯಲ್ಲೂ ಹೀಗೇ ಹೊಕ್ಕಿನ ಜೊತೆ ಜರಿ ಎಳೆ ಸೇರಿಸಿ ಹೂವು ತೆಗೆಯುತ್ತಾರೆ. ಅದರ ಚಿತ್ರ ತೋರಿಸಿದೆ. ನೇಕಾರ ಬೆರಳಲ್ಲಿ ದೊಡ್ಡದು ಮಾಡಿ ನೋಡಿ, "ಎಳೆ ದಪ್ಪ ಐತೆ ಮೇಡಂ. ಆದ್ರೂ ಕೈ ಚೆನ್ನಾಗೈತೆ," ಎಂದ. ಇಷ್ಟು ಸರಿಯಾದ ಟಿಪ್ಪಣಿಯನ್ನು ನಮ್ಮ ಯಾವ ಕಡತದಲ್ಲೂ ನಾನು ಓದಿಲ್ಲ. ಒಂದು ಹಳೆಯ ಸೀರೆ ಮ್ಯೂಸಿಯಂಗೆ ಕೊಟ್ಟರೆ ಹೇಗೆ ಎಂದಾಗ ಹೆಂಡತಿ ಕಂಡಿಕೆಯಿಂದ ತಲೆ ಎತ್ತದೆ ಹೇಳಿದಳು: "ಅಲ್ಲಿಟ್ರೆ ಉಡೋರ್ಯಾರಕ್ಕ?" ಬಾಲಿಯಲ್ಲಿ ಹಲ್ಲು ಅರೆಯುವ ಶಾಸ್ತ್ರಕ್ಕೆ, ಮದುವೆಗೆ ಸೊಂಗ್‌ಕೆತ್ ಉಡಲೇಬೇಕು. ಅಲ್ಲಿನ ಮಗ್ಗವನ್ನು ಉಳಿಸಿರುವುದು ಆ ಕಡ್ಡಾಯ. ಇಲ್ಲಿ ಧಾರೆಗೆ ಮೊಳಕಾಲ್ಮುರು ಸೀರೆಯೇ ಆಗಬೇಕೆಂದು ಹಟ ಹಿಡಿಯುವ ಹೆಣ್ಣುಮಕ್ಕಳು ಎಷ್ಟಿದ್ದಾರೆ?

ಇನ್ನು ಬೋಕಿಚೂರಿನ ಮಾತು. ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರದ ಬಳಿ ಬ್ರಹ್ಮಗಿರಿ. ಬುಡದಲ್ಲಿ ಊರವರು ಅಕ್ಷರಗುಂಡು ಎನ್ನುತ್ತಿದ್ದ ಬಂಡೆ, ಅದರ ಮೇಲೆ ಅಶೋಕನ ಶಾಸನ. ಹತ್ತಿರದಲ್ಲೇ ಎಮ್ಮೆ ಕಾಯುವ ತಿಮ್ಮಯ್ಯನ ಹೆಸರಿನ ಗುಂಡು, ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ ಬಳೆಗಾರರ ಗುಂಡು. ಮೂರೂ ಬಂಡೆಗಳ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಹೊರಜಗತ್ತಿಗೆ ತಿಳಿಸಿದರು. ಸುವರ್ಣಗಿರಿಯ ಆರ್ಯಪುತ್ರನಿಂದ ಇಸಿಲದ ಮಹಾಮಾತ್ರರಿಗೆ, ಅಂದರೆ ಅಧಿಕಾರಿಗಳಿಗೆ, ಬಂದ ಆಜ್ಞೆ ಅದು: ತಾಯಿ ತಂದೆಯ ಮಾತು ಕೇಳಿ, ಪ್ರಾಣಿಗಳಲ್ಲಿ ದಯೆ ಇರಲಿ, ಸತ್ಯ ಹೇಳಿ. ಬರೆದವನು ಚಪಡ. ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಕೆತ್ತಿದ ಈತ ಕೊನೆಗೆ 'ಲಿಪಿಕಾರ' ಎಂಬ ತನ್ನ ಪದವಿಯನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿಯಲ್ಲಿ ಬರೆದ. ನನಗೂ ಇದು ಬರುತ್ತದೆ ಎನ್ನುವ ಗುಮಾಸ್ತನ ಹಮ್ಮು! ಕಚೇರಿಯಲ್ಲಿ ದುಡಿದವರಿಗೆ ಚಪಡ ಚೆನ್ನಾಗಿ ಗೊತ್ತು.

ಮೈಸೂರಿನ ಎಂ.ಎಚ್. ಕೃಷ್ಣ ಇಲ್ಲಿ ಮೊದಲು ಅಗೆದರು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯನ್ನೂ ಚಿತ್ರದುರ್ಗದ ಚಂದ್ರವಳ್ಳಿಯನ್ನೂ ಅಗೆದು ಪದರ ಪದರವಾಗಿ ಬಿಡಿಸಿದರು: ಕೆಳಗೆ ಕಲ್ಗೊಡಲಿಯವರು, ನಡುವೆ ಕಬ್ಬಿಣ ಬಲ್ಲ ಬೃಹತ್ ಶಿಲಾ ಸಮಾಧಿಯವರು, ಮೇಲೆ ಶಾತವಾಹನರ ಕಾಲದವರು. ಮೇಲಿನ ಪದರದಲ್ಲಿ ಸಿಕ್ಕಿದ್ದು ನುಣುಪಾದ ಬೂದುಗಪ್ಪು ತಟ್ಟೆಯ ಚೂರುಗಳು. ತಟ್ಟೆಯ ಒಳತಳದಲ್ಲಿ ಹಲ್ಲುಗಾಲಿ ಉರುಳಿಸಿ ಮೂಡಿಸಿದ ಚುಕ್ಕಿಗಳ ಸುತ್ತುಸಾಲು. ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಇಂಥದೇ ತಟ್ಟೆ ರೋಮ್‌ನ ಸರಕಿನ ಜೊತೆ ಸಿಕ್ಕಿದ್ದರಿಂದ ವೀಲರ್‌ಗೆ ಕಾಲ ಹಿಡಿಯಲು ಅದೇ ಗೂಟವಾಯಿತು.

ನಲವತ್ತು ವರ್ಷಗಳ ಮೇಲೆ, ಬಾಲಿಯ ಉತ್ತರ ಕರಾವಳಿಯ ಸೆಂಬಿರಾನ್ ಎಂಬ ಹಳ್ಳಿಯಲ್ಲಿ ಬಾಲಿಯವರೇ ಆದ ಪುರಾತತ್ವಜ್ಞ ಇ ವಯಾನ್ ಅರ್ದಿಕ ಅಗೆದರು. ಸಿಕ್ಕಿದ್ದು ಅದೇ ಚುಕ್ಕಿಸಾಲಿನ ತಟ್ಟೆ. ಮಣ್ಣನ್ನು ಪರೀಕ್ಷಿಸಿದಾಗ ಅದು ಅರಿಕಮೇಡುವಿನ ಮಾದರಿಗೆ ಹೊಂದಿತು, ಅಂದರೆ ಹಡಗಿನಲ್ಲಿ ಹೋದ ತಟ್ಟೆ. 1991ರಲ್ಲಿ ಅವರೂ ಪೀಟರ್ ಬೆಲ್‌ವುಡ್ ಅವರೂ ಬರೆದ ಲೇಖನವನ್ನು ನಾನು ಉಗ್ರಾಣದ ಮೇಜಿನ ಮೇಲೆ ಕೂತು ಓದಿದ್ದೆ. ಅಲ್ಲಿ ಸಿಕ್ಕ ಒಂದು ಬೋಕಿಯ ಮೇಲೆ ಗೀಚಿದ ಕೆಲವು ಅಕ್ಷರಗಳಿವೆ. ಅವನ್ನು ಖರೋಷ್ಠಿ ಎಂದು ಓದಿದವರಿದ್ದಾರೆ, ಎಲ್ಲರೂ ಒಪ್ಪಿಲ್ಲ. ಚಪಡನಿಗೆ ತಿಳಿದಿದ್ದರೆ ಖುಷಿಪಡುತ್ತಿದ್ದ. ಮೊಳಕಾಲ್ಮುರಿನಿಂದ ಬಾಲಿಗೆ ಯಾರೋ ನೇರ ಹೋದರು ಎಂದು ಇದರಿಂದ ಹೇಳಲಾಗದು. ಒಂದೇ ಬಗೆಯ ತಟ್ಟೆಯಲ್ಲಿ ಎರಡೂ ಊರಿನವರು ಉಂಡಿದ್ದರು ಎನ್ನಬಹುದು. ವಯಾಂಗ್‌ನ ಮೊದಲ ಉಲ್ಲೇಖಕ್ಕಿಂತ ಎಷ್ಟೋ ಶತಮಾನ ಹಿಂದಿನ ಮಾತಿದು.

ಮರುದಿನ ಜಟಿಂಗ ರಾಮೇಶ್ವರದ ಬೆಟ್ಟ ಹತ್ತಿದೆ. ಸೀತೆಯನ್ನು ಹೊತ್ತೊಯ್ಯುತ್ತಿದ್ದ ರಾವಣನನ್ನು ಜಟಾಯು ಅಡ್ಡಗಟ್ಟಿ ರೆಕ್ಕೆ ಕಳೆದುಕೊಂಡದ್ದು ಇಲ್ಲೇ ಎಂದು ಪೂಜಾರಿ ಬೆರಳು ತೋರಿಸಿ ಹೇಳಿದ. ಒಂಬತ್ತನೇ ಶತಮಾನದಲ್ಲಿ ಜಾವಾದ ಪ್ರಂಬನಾನ್ ಗುಡಿಯ ಗೋಡೆಯಲ್ಲಿ ಕೆತ್ತಿದ ರಾಮಾಯಣದಲ್ಲಿ ಸಾಯುತ್ತಿರುವ ಜಟಾಯು ಸೀತೆಯ ಉಂಗುರವನ್ನು ರಾಮನಿಗೆ ಕೊಡುತ್ತಾನೆ. ನಮ್ಮ ವಾಲ್ಮೀಕಿಯಲ್ಲಿ ಹಾಗಿಲ್ಲ. ಪೂಜಾರಿಗೆ ಹೇಳಿದೆ. ಸ್ವಲ್ಪ ಯೋಚಿಸಿ, "ಕೊಟ್ಟಿದ್ರೂ ಕೊಟ್ಟಿರಬಹುದಮ್ಮ," ಎಂದ. ಮೇಲಿಂದ ನೋಡಿದರೆ ಸುತ್ತ ಬಂಡೆಯೇ ಬಂಡೆ, ನಡುನಡುವೆ ಕೆರೆಯ ತುಣುಕು.

ಸಿದ್ದಾಪುರದಲ್ಲಿ ಶಾಲೆಯ ಹುಡುಗರನ್ನು ಮಾತಾಡಿಸಿದ್ದೆ. ಅಶೋಕ ಗೊತ್ತು, ಪರೀಕ್ಷೆಗೆ ಬರುತ್ತಾನೆ. ತಮ್ಮ ಹೊಲದ ಮಣ್ಣಿನಿಂದ ಎದ್ದ ತಟ್ಟೆ ಒಬ್ಬರೂ ನೋಡಿರಲಿಲ್ಲ. ದೊಡ್ಡ ಊರುಗಳ ಮ್ಯೂಸಿಯಂಗಳಲ್ಲಿ ಇಂಥ ಬೋಕಿಗಳು ಚೀಲಗಳಲ್ಲಿ, ಡಬ್ಬಗಳಲ್ಲಿ ಕೂತಿರುತ್ತವೆ, ಸಂಖ್ಯೆ ಹಾಕಿದ ನಮ್ಮಂಥವರಿಗೆ ಗೊತ್ತು. ಪ್ರದರ್ಶನಕ್ಕೆ ಇಡುವುದು ನೂರರಲ್ಲಿ ಒಂದನ್ನು. ಮೊಳಕಾಲ್ಮುರಿನಲ್ಲಿ ಒಂದು ಕೋಣೆ ಸಾಕು: ಬ್ರಹ್ಮಗಿರಿಯ ನಾಲ್ಕು ಬೋಕಿ, ಸೆಂಬಿರಾನಿನ ಒಂದು ಚಿತ್ರ, ಕಿಳ್ಳೇಕ್ಯಾತನ ಪಕ್ಕ ತ್ವಾಲೆನ್, ಮೂಲೆಯಲ್ಲಿ ನೇಯುವ ಮಗ್ಗ. ಕಾವಲಿಗೆ ಊರವರೇ ಇರಲಿ, ಗೊಂಬೆ ಇಡುವ ಕ್ರಮ ಅವರಿಗೆ ಗೊತ್ತಿದೆ. ಉಗ್ರಾಣದ ಬೀಗದ ಕೈ ಈಗ ಯಾರ ಬಳಿ ಇದೆಯೋ ಅವರಲ್ಲಿ ನನ್ನ ಕೋರಿಕೆ: ಸಾಲದ ರೂಪದಲ್ಲಾದರೂ ಕೆಲವನ್ನು ಸಿದ್ದಾಪುರದ ಮಕ್ಕಳ ಕಣ್ಣಳತೆಗೆ ಕಳಿಸಿಕೊಡಿ. ಬೋಕಿಗೆ ತೇವದ ಭಯವಿಲ್ಲ, ಹುಳುವಿನ ಭಯವೂ ಇಲ್ಲ.